ಡಿಸ್ಪರ್ಸಲ್ ಅಂದರೆ ಸಾಲಿ ಬಿಡೋದು

ಏಳನೆಯ ರೊಟ್ಟಿ ಬಡಿದು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಿದ್ದೆ. ಕಿಟಕಿಯಲ್ಲಿಟ್ಟಿದ್ದ ಫೋನು ಕಿಣ್ ಅಂದಿತು. ಮಗಳ ಸಾಲಿಯ ಗುಂಪಿನಲ್ಲಿ ಮಿಸ್ಸು ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿದ್ದರು. ಕೈತುಂಬ ಹಿಟ್ಟು. ಬಗ್ಗಿ ನಿಂತು, ತುಟಿ ಅಲುಗಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ‘ಅರ್ಲಿ ಡಿಸ್ಪರ್ಸಲ್ ಟುಡೇ ಅಟ್ 11.30. ಕೈಂಡ್ಲಿ ನೋಟ್.’

ಅರ್ಲಿ ಗೊತ್ತು. ಟುಡೇ ಗೊತ್ತು. ಹನ್ನೊಂದೂವರೆ ಅಂಕಿಯಲ್ಲೇ ಇತ್ತು. ಡಿಸ್ಪರ್ಸಲ್ ಗೊತ್ತಿರಲಿಲ್ಲ. ಆದರೆ ಹಿಂದಿನ ವಾರವೆಲ್ಲ ಇದೇ ಮಿಸ್ಸು ‘ಡ್ಯಾನ್ಸ್ ರಿಹರ್ಸಲ್ ಟುಡೇ ಅಟ್ 11.30. ಕೈಂಡ್ಲಿ ನೋಟ್’ ಎಂದು ದಿನಾ ಹಾಕಿದ್ದರು. ಅದೇ ಹೊತ್ತು, ಅದೇ ಬಾಲ. ರಿಹರ್ಸಲ್ ಅಂದರೆ ಗ್ಯಾದರಿಂಗಿಗೆ ಮಕ್ಕಳಿಗೆ ಕುಣಿತ ಕಲಿಸುವುದು. (ಗ್ಯಾದರಿಂಗ್ ಅಂದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ, ಆನ್ಯುವಲ್ ಡೇ ಅನ್ನಬೇಕು.) ಇದೂ ಅಂಥದೇ ಇನ್ನೊಂದು ‘ಸಲ್’ ಇರಬೇಕು ಅಂದುಕೊಂಡೆ. ಹಿಟ್ಟಾದ ಹೆಬ್ಬೆರಳಿನಿಂದಲೇ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿ, ಎಂಟನೆಯ ಉಂಡೆ ಕೈಗೆ ತೆಗೆದುಕೊಂಡೆ.

ನಮ್ಮೂರ ಅಕ್ಕನ ಬಳಗದವರು ಬೆಂಗಳೂರಿನ ಬಾಳ್ವೆ ಹೇಗಿದೆ ಬರೆದು ಕಳಿಸವ್ವ ಎಂದು ಕೇಳಿ ಬಹಳ ದಿನವಾಯಿತು. ಏನು ಬರೆಯಲಿ, ದಿನಾ ಅದೇ ಅಡುಗೆ ಅದೇ ಕಸ ಅಂದುಕೊಂಡು ಸುಮ್ಮನಿದ್ದೆ. ಈ ಒಂದು ಶಬ್ದದ ಸಲುವಾಗಿ ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳೇ. ಈ ಊರಿಗೆ ಬಂದಮೇಲೆ ನಾನು ಒಂದು ಕಡೆ ಕೂತು ಯಾವ ಕೆಲಸವನ್ನೂ ಮುಗಿಸಿಲ್ಲ. ಎದ್ದು ಬಾಗಿಲ ಚಿಲಕ ನೋಡುತ್ತೇನೆ, ನೀರು ಬಂತೋ ಎಂದು ನಲ್ಲಿ ತಿರುವುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ನಾವಿರುವುದು ವರ್ತೂರು. ನಮ್ಮ ಮನೆಯವರು ಬಾಗಲಕೋಟೆಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದರು. ಗೆಳೆಯರೊಬ್ಬರು ವೈಟ್‌ಫೀಲ್ಡಿನಲ್ಲಿ ಲಿಫ್ಟು ರಿಪೇರಿಯ ಕೆಲಸಕ್ಕೆ ಕರೆದರು. ನಮ್ಮೂರಲ್ಲಿ ಲಿಫ್ಟುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಇಲ್ಲಿ ನಮ್ಮ ಮಾಳಿಗೆಯ ಮೇಲೆ ನಿಂತು ಸುತ್ತ ನೋಡಿದರೆ ಕಾಣುವ ಕಟ್ಟಡಗಳಿಗೇ ಅವರಿಗೆ ಜನ್ಮಪೂರ್ತಿ ಕೆಲಸವಿದೆ. ಅವರು ಲಿಫ್ಟಿನ ಬಾವಿಯೊಳಗೆ ಇಳಿದರೆಂದರೆ ಫೋನು ಹತ್ತುವುದಿಲ್ಲ. ಮೊದಮೊದಲು ಅದಕ್ಕೂ ಅಳುತ್ತಿದ್ದೆ. ಈಗ ಹತ್ತದಿದ್ದರೆ ಒಳಗೆ ಕೆಲಸದಲ್ಲಿದ್ದಾರೆ, ಕ್ಷೇಮವಾಗಿದ್ದಾರೆ ಅಂದುಕೊಳ್ಳುತ್ತೇನೆ. ದಿನಕ್ಕೆ ಇಂಥ ಒಂದೆರಡು ಸಮಾಧಾನ ಸಿಕ್ಕರೆ ಸಾಕು, ದೀಪ ಹಚ್ಚುವಾಗ ಶಿವನಿಗೆ ಹೇಳಲು ಏನೋ ಇರುತ್ತದೆ.

ಮನೆ ಮೂರನೆಯ ಅಂತಸ್ತಿನಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಗಳು ಎಷ್ಟು ತೆಳ್ಳಗೆಂದರೆ ದೀಪ ಇಡಲು ಒಂದು ಮಾಡ ಇಲ್ಲ. ಅಡುಗೆಕಟ್ಟೆಯ ಮೂಲೆಯಲ್ಲೇ ದೇವರ ಜಗಲಿ. ಸಾರಿನ ಒಗ್ಗರಣೆ ಮೊದಲು ದೇವರಿಗೆ ಸಿಡಿಯುತ್ತದೆ, ಆಮೇಲೆ ನಮಗೆ. ಕೆಳಗಿನ ಮನೆಯಲ್ಲಿ ಕಟ್ಟಡದ ಒಡತಿ ಮುನಿರತ್ನಮ್ಮ ಒಬ್ಬರೇ ಇರುತ್ತಾರೆ. ಅರವತ್ತು ದಾಟಿದವರು, ಹುಟ್ಟಿದ್ದೂ ಇಲ್ಲೇ, ಕೊಟ್ಟಿದ್ದೂ ಇಲ್ಲೇ. ನಾವು ಬಂದ ಮೂರನೆಯ ದಿನ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

“ಏನಮ್ಮಿ, ದಿನಾ ಬೆಳಗಾನೆ ಮನೆಯೊಳ್ಗೆ ಬಟ್ಟೆ ಒಗೀತೀಯಾ? ನನ್ ತಲೆ ಮೇಲೆ ದಬದಬ ದಬದಬ.”

“ಬಟ್ಟಿ ಅಲ್ರೀ ಅಮ್ಮಾರ, ರೊಟ್ಟಿ ಬಡಿಯಾಕತ್ತೇನಿ” ಅಂದೆ.

“ರೊಟ್ಟೀನ ಯಾಕಮ್ಮಿ ಒಡೀತೀಯ, ಅದೇನ್ ತಪ್ ಮಾಡೈತೆ?”

ನಕ್ಕುಬಿಟ್ಟೆ. ಈ ಊರಿಗೆ ಬಂದಮೇಲೆ ನಾನು ನಕ್ಕ ಮೊದಲ ನಗು ಅದು. ಬಿಸಿ ರೊಟ್ಟಿ, ಎಣ್ಣೆಗಾಯಿ ಕೊಟ್ಟೆ. ಅಂದಿನಿಂದ ಅವರಿಗೆ ನಾನು ‘ರೊಟ್ಟಿಯಮ್ಮಿ’. ಸದ್ದಿನ ಮಾತು ಎತ್ತಲಿಲ್ಲ.

ಕನ್ನಡದ ರಾಜಧಾನಿಯಲ್ಲಿ ಭಾಷೆಯ ತ್ರಾಸು ಇರುವುದಿಲ್ಲ ಎಂದು ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ತರಕಾರಿ ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, “ಹುಬ್ಳಿಯೋರಾ ಮೇಡಂ?” ಅನ್ನುತ್ತಾರೆ. ಬಾಗಲಕೋಟೆ ಅಂದರೂ “ಅದೇ, ಹುಬ್ಳಿ ಕಡೆ” ಅನ್ನುತ್ತಾರೆ. ಉಳ್ಳಾಗಡ್ಡಿ (ಇಲ್ಲಿ ಈರುಳ್ಳಿ ಅನ್ನಬೇಕು) ಕೇಳಿದ್ದಕ್ಕೆ ಅಂಗಡಿಯ ಹುಡುಗಿ ಯಾವುದೋ ಗಡ್ಡೆ ಅಂದುಕೊಂಡು ಗೆಣಸು ತೋರಿಸಿದ್ದಳು. ಅಪಾರ್ಟ್‌ಮೆಂಟಿನ ಕಾವಲುಗಾರರ ಹತ್ತಿರ ಹಿಂದಿ, ಕಿರಾಣಿ ಅಂಗಡಿಯಲ್ಲಿ ತೆಲುಗು, ಸಾಲಿಯಲ್ಲಿ ಇಂಗ್ಲಿಷು. ನನ್ನ ಕನ್ನಡಕ್ಕೆ ಉತ್ತರ ಕೊಡುವವರು ಮನೆಯವರು, ಮಗಳು, ಮುನಿರತ್ನಮ್ಮ. ಮೂರು ಜನ. ಕಡಿಮೆಯೇನಲ್ಲ ಅಂದುಕೊಳ್ಳುತ್ತೇನೆ.

ಮೊದಲ ಸಲ ಬಸ್ಸಿನ ಕಿಟಕಿಯಿಂದ ವರ್ತೂರು ಕೆರೆ ನೋಡಿದಾಗ ದಂಡೆಗೆ ಬೆಳ್ಳಗೆ ರಾಶಿರಾಶಿ ಕಂಡಿತು. ಇಲ್ಲೂ ಹತ್ತಿ ಬಿಡಿಸುವ ಜಿನ್ನು ಇದೆ ಎಂದು ಖುಷಿಯಾಗಿ ಮನೆಯವರಿಗೆ ತೋರಿಸಿದೆ. “ಹತ್ತಿ ಅಲ್ಲ, ನೊರಿ ಅದು, ನೀರಾಗಿನ ಹೊಲಸು” ಅಂದರು. ನೀರಿನ ವಿಷಯಕ್ಕೆ ನನಗೆ ಮೊದಲೇ ಅಂಜಿಕೆ. ಅದನ್ನು ಮುಂದೆ ಹೇಳುತ್ತೇನೆ, ಮೊದಲು ಆ ಮೆಸೇಜು ಬಂದ ಸೋಮವಾರದ ಮಾತು ಮುಗಿಸುತ್ತೇನೆ.

ಹತ್ತು ರೊಟ್ಟಿ ಆಯಿತು. ಮಗಳು ಅಕ್ಷತಾಳಿಗೆ ರೊಟ್ಟಿ ಹಂಚಿನಿಂದ ಇಳಿಸಿದ್ದೇ ತಾಟಿಗೆ ಬೀಳಬೇಕು, ಆರಿದ್ದನ್ನು ಮುಟ್ಟುವುದಿಲ್ಲ. ಅವಳ ಎರಡಕ್ಕೆ ಹಿಟ್ಟು ಮುಚ್ಚಿಟ್ಟು, ಒಗೆದ ಬಟ್ಟೆ ಹಾಕಲು ಮಾಳಿಗೆಗೆ ಹೋದೆ. ಹನ್ನೆರಡು ಹೊಡೆದಿತ್ತು. ದಿನಾ ಮೂರೂ ಹತ್ತಕ್ಕೆ ಸಾಲಿಯ ಗೇಟಿಗೆ ಹೋಗಿ, ಕಾರ್ಡು ತೋರಿಸಿ ಮಗಳನ್ನು ಕರೆತರುವುದು ನನ್ನ ಕೆಲಸ. ಇನ್ನೂ ಮೂರು ತಾಸಿದೆ ಎಂದು ಮನೆಯವರ ಅಂಗಿ ಝಾಡಿಸುತ್ತಿದ್ದಾಗ, ಕೆಳಗಿನ ಓಣಿಯಲ್ಲಿ ಮಗಳ ಸಾಲಿಯದೇ ನೀಲಿ ಲಂಗ, ಅದೇ ಬಿಳಿ ಅಂಗಿ ತೊಟ್ಟ ಇಬ್ಬರು ದೊಡ್ಡ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಹೊರಟಿದ್ದರು.

“ಯಾಕವಾ, ಸಾಲಿ ಇಲ್ಲೇನ?” ಮೇಲಿನಿಂದಲೇ ಕೂಗಿದೆ.

“ಅರ್ಲಿ ಡಿಸ್ಪರ್ಸಲ್ ಆಂಟಿ!”

“ಹಂಗಂದ್ರ ಏನು?”

ಒಬ್ಬಳು ಇನ್ನೊಬ್ಬಳ ಮುಖ ನೋಡಿ ನಕ್ಕಳು. “ಮನೆಗೆ ಕಳ್ಸೋದು ಆಂಟಿ. ಸ್ಕೂಲಲ್ಲಿ ನೀರಿಲ್ಲ, ಟ್ಯಾಂಕರ್ ಬಂದಿಲ್ಲ. ಹನ್ನೊಂದೂವರೆಗೇ ಎಲ್ರೂ ಹೋದ್ರು.”

ಕೈಯಲ್ಲಿದ್ದ ಅಂಗಿ ಎಲ್ಲಿ ಬಿತ್ತೋ ತಿಳಿಯದು. ಮೂರು ಅಂತಸ್ತು ಹೇಗೆ ಇಳಿದೆನೋ ಅದೂ ತಿಳಿಯದು. ಮನೆಯವರಿಗೆ ಫೋನು ಹಚ್ಚಿದೆ, ಹತ್ತಲಿಲ್ಲ. ಮತ್ತೆ ಮತ್ತೆ ಹಚ್ಚಿದೆ. ಲಿಫ್ಟಿನ ಬಾವಿಯೊಳಗಿದ್ದಾರೆ ಎಂಬ ಸಮಾಧಾನ ಆ ದಿನ ನನಗೆ ಹುಟ್ಟಲಿಲ್ಲ. ಮುನಿರತ್ನಮ್ಮನ ಬಾಗಿಲಿಗೆ ಬೀಗ. ಅವರಿಗೆ ಹಚ್ಚಿದರೆ ಫೋನು ಬೀಗದ ಒಳಗೇ ರಿಂಗಾಗುತ್ತಿತ್ತು. ಆರು ವರ್ಷದ ಮಗು, ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಆ ರಸ್ತೆಯಲ್ಲಿ. ಟಿಪ್ಪರು, ಟ್ಯಾಂಕರು, ಕಂಪನಿಯ ಬಸ್ಸು. ‘ಓಂ ನಮಃ ಶಿವಾಯ’ ಅನ್ನುತ್ತ ಓಡಿದೆ. ಎರಡು ಹೆಜ್ಜೆಗೆ ಒಂದು ನಾಮ.

ಗೇಟು ಮುಚ್ಚಿತ್ತು. ಅಂಗಳದಲ್ಲಿ ಒಂದು ಪಿಳ್ಳೆ ಇರಲಿಲ್ಲ. ದಿನಾ ಅಷ್ಟು ಗದ್ದಲವಿರುವ ಜಾಗದಲ್ಲಿ ನಾಲ್ಕು ಕಾಗೆ ಯಾರದೋ ಚೆಲ್ಲಿದ ಡಬ್ಬಿಯ ಅನ್ನ ತಿನ್ನುತ್ತಿದ್ದವು. ಗೇಟಿನ ಕಾವಲಿಗೆ ಒಬ್ಬ ಹೆಣ್ಣುಮಗಳಿದ್ದಾಳೆ, ಇದೇ ಊರಿನವಳು. ಅವಳು ಬಕೀಟು ಹಿಡಿದು ಬಂದಳು.

“ನನ್ನ ಮಗಳು ಎಲ್ಲಿ ಅದಾಳ್ರೀ? ಅಕ್ಷತಾ, ಒಂದನೇ ಇಯತ್ತೆ!”

“ಎಲ್ಲಾ ಡಿಸ್ಪರ್ಸ್ ಆಗೋಯ್ತು ಮೇಡಂ.”

ಆಗೋಯ್ತು. ಮುಗಿದುಹೋಯಿತು ಅಂದಂತೆ. ನನಗೆ ಆ ಶಬ್ದದ ಅರ್ಥ ಆಗ ಯಾರೂ ಹೇಳಬೇಕಾಗಿರಲಿಲ್ಲ.

ನೀರಿನ ಮಾತು ಮುಂದೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇಲ್ಲೇ ಬರುತ್ತದೆ. ನಿಮ್ಮಲ್ಲಿ ಹಿರಿಯರಿಗೆ ಹೇಳಬೇಕಾಗಿಲ್ಲ, ನೀವೆಲ್ಲ ಕಂಡವರು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಆಣೆಕಟ್ಟಿನ ಹಿನ್ನೀರು ಹಳೇ ಬಾಗಲಕೋಟೆಯ ನಮ್ಮ ಓಣಿಗೆ ಬರುತ್ತದೆ ಅಂದರು. ಒಂದು ಬೆಳಿಗ್ಗೆ ಲಾರಿಗಳು ಬಂದವು. ಎದುರುಬದಿರು ಮನೆಗಳಿಗೆ ಹೊಸ ಊರಿನಲ್ಲಿ ಬೇರೆಬೇರೆ ಸೆಕ್ಟರು ಬಂದಿತ್ತು. ಹತ್ತು ಹೆಜ್ಜೆಗಿದ್ದ ದೊಡ್ಡವ್ವನ ಮನೆಗೆ ಆಮೇಲೆ ಟಂಟಂ ಹತ್ತಿ ಹೋಗಬೇಕಾಯಿತು. ಎಲ್ಲರ ಲಾರಿ ಹೋಗಿ ನಮ್ಮದೊಂದೇ ಉಳಿದಾಗ ನಾನೊಬ್ಬಳೇ ಓಣಿಯಲ್ಲಿ ಹಿಂದಕ್ಕೆ ಓಡಿ, ಮರೆತ ಬಳಪ ತರಲು ಹೋಗಿದ್ದೆ. ಎಲ್ಲ ಬಾಗಿಲೂ ತೆರೆದಿದ್ದವು, ಯಾವ ಬಾಗಿಲಲ್ಲೂ ಯಾರೂ ಇರಲಿಲ್ಲ. ಆ ಸಾಲಿಯ ಅಂಗಳ ನನಗೆ ಹಾಗೇ ಕಂಡಿತು.

ಒಳಗಿನಿಂದ ಮಿಸ್ಸು ಓಡಿಬಂದರು. ಚಿಕ್ಕ ವಯಸ್ಸಿನವರು, ಕೈಯಲ್ಲಿ ಫೋನು.

“ಮೇಡಂ, ಮೆಸೇಜ್‌ಗೆ ನೀವು ಥಂಬ್ಸ್ ಅಪ್ ಹಾಕಿದ್ರಲ್ಲ? ಬರ್ತೀರ ಅಂದ್ಕೊಂಡೆ.”

ಏನು ಹೇಳಲಿ? ರೊಟ್ಟಿ ಬಡಿಯುತ್ತಿದ್ದೆ, ರಿಹರ್ಸಲ್ ಅಂದುಕೊಂಡೆ ಅನ್ನಲೇ?

ಅಷ್ಟರಲ್ಲಿ ಕಾವಲಿನವಳು ಅಂದಳು: “ಅಕ್ಷತಾನಾ? ಎರಡು ಜಡೆ? ಅವ್ರ ಅಜ್ಜಿ ಬಂದು ಕರ್ಕೊಂಡೋದ್ರಲ್ಲ.”

“ಯಾವ ಅಜ್ಜಿ? ಅಕಿ ಅಜ್ಜಿ ಬಾಗಲಕೋಟ್ಯಾಗ ಅದಾಳ್ರೀ! ಇಲ್ಲಿ ನಮಗ ಯಾರೂ ಇಲ್ಲ!”

ಮಿಸ್ಸು ಕಾವಲಿನವಳ ಕಡೆ ತಿರುಗಿದರು. “ಕಾರ್ಡ್ ನೋಡಿಲ್ವಾ ನೀನು?”

“ಮಗುನೇ ಅಜ್ಜಿ ಅಂತ ಓಡೋಯ್ತು ಮಿಸ್. ಅವ್ರೇನು ಗೊತ್ತಿಲ್ದೋರಾ? ನಮ್ ಮುನಿರತ್ನಮ್ಮನೋರು. ಈ ಇಸ್ಕೂಲು ನಿಂತಿರೋದೇ ಅವ್ರ ರಾಗಿ ಹೊಲದ ಮೇಲೆ, ಅವ್ರಿಗೆ ಕಾರ್ಡ್ ಕೇಳ್ಲಾ?”

ಜೀವ ಅರ್ಧ ಬಂತು, ಅರ್ಧ ಬರಲಿಲ್ಲ. ಅವರ ಮನೆಯ ಬೀಗ ನೋಡಿಯೇ ಬಂದಿದ್ದೆನಲ್ಲ. ಹಾಗಾದರೆ ಎಲ್ಲಿ?

“ಉಳಿದಿರೋ ಹೊಲದ ಕಡೆ ಹೋಗಿರ್ಬೇಕು. ಹಿಂದಿನ ರಸ್ತೆ ದಾಟಿ, ಎರಡು ಅಪಾರ್ಟ್‌ಮೆಂಟ್ ಮಧ್ಯೆ” ಅಂದಳು ಕಾವಲಿನವಳು.

ಆ ದಾರಿಯಲ್ಲಿ ಹೊಲವಿದೆ ಎಂದು ಎರಡು ವರ್ಷದಲ್ಲಿ ನನಗೆ ತಿಳಿದಿರಲಿಲ್ಲ. ಎತ್ತರದ ಎರಡು ಕಾಂಪೌಂಡ್ ಗೋಡೆಗಳ ನಡುವೆ ಒಂದು ತಗಡಿನ ಬಾಗಿಲು. ದಾಟಿದರೆ, ಕೆರೆಯ ಕಡೆಗೆ ಇಳಿಯುವ ಒಂದು ತುಂಡು ಕೆಂಪು ನೆಲ, ನಮ್ಮೂರಿನ ಮದುವೆಯ ಹಂದರದಷ್ಟು. ಬದುವಿನ ಮೇಲೆ ಸಾಲಿಯ ಚೀಲ. ನಡುವೆ ನನ್ನ ಮಗಳು, ನೀಲಿ ಲಂಗ ಎತ್ತಿ ಸಿಕ್ಕಿಸಿಕೊಂಡು, ಬರಿಗಾಲಲ್ಲಿ. ಕೈಮುಷ್ಟಿಯಲ್ಲಿ ಏನೋ ಹಿಡಿದಿದ್ದಳು. ಮುನಿರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ಅವಳಿಗೆ ಹೇಳುತ್ತಿದ್ದರು:

“ಅಲ್ಲೇ ಸುರೀಬೇಡ ಕಣಮ್ಮಿ. ಚೆಲ್ಲು. ಕೈ ಬೀಸಿ ಚೆಲ್ಲು. ಒಂದ್ರ ಮೇಲೊಂದು ಬಿದ್ರೆ ಎಲ್ಲಾ ಬಡಕಲಾಯ್ತವೆ.”

ದಂಟಿನ ಸೊಪ್ಪಿನ ಬೀಜ. ಸಾಸಿವೆಗಿಂತ ಸಣ್ಣದು, ಅದಕ್ಕೇ ಮರಳಿನಲ್ಲಿ ಕಲಸಿ ಚೆಲ್ಲುತ್ತಾರೆ.

ನಾನು ಮಗಳನ್ನು ಅಪ್ಪಿಕೊಂಡೆ ಎಂದು ಬರೆದರೆ ಚೆಂದ. ಆದರೆ ಮೊದಲು ಬೆನ್ನಿಗೆ ಒಂದು ಹೊಡೆದೆ. ಆಮೇಲೆ ಅಪ್ಪಿಕೊಂಡೆ. ಆಮೇಲೆ ಮುನಿರತ್ನಮ್ಮನ ಮೇಲೆ ತಿರುಗಿದೆ.

“ನನಗ ಒಂದು ಮಾತು ಹೇಳಾಕ ಆಗ್ತಿರಲಿಲ್ಲೇನ್ರೀ? ನನ್ನ ಜೀವಾನ ಹೋಗಿತ್ತು!”

ಅವರು ಕೂಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡರು. “ಪೋನು ಚಾರ್ಜಿಗೆ ಆಕ್ಬುಟ್ಟು ಬಂದಿದ್ದೆ. ಇಂಗೆ ಗೇಟತ್ರ ಬಂದ್ರೆ ಎಲ್ಲ ಮಕ್ಳೂ ಓಗ್ಬುಟ್ಟಿದ್ವು. ಇದೊಂದೇ ಕಂಬಿ ಇಡ್ಕಂಡು ನಿಂತಿತ್ತು. ನನ್ ನೋಡಿ ಅಜ್ಜೀ ಅಂತು. ಬೀಜ ಚೆಲ್ಲಿ ಅಂಗೇ ಮನೆಗೆ ತರಾನ ಅಂತ ಕರ್ಕಂಡ್ ಬಂದೆ. ಬುಟ್ಟು ಬರ್ಲಾ? ನೀನೇ ಯೋಳಮ್ಮಿ, ಬುಟ್ಟು ಬರ್ಬೇಕಿತ್ತಾ?”

ಅವರ ಕಣ್ಣು ನನ್ನ ಕಾಲಿಗೆ ಹೋಯಿತು. “ಅದೇನಮ್ಮಿ, ಒಂದ್ ಮೆಟ್ಟು ನಿಂದು, ಒಂದ್ ಮೆಟ್ಟು ಗಂಡಂದು?”

ನೋಡಿಕೊಂಡೆ. ಹೌದು. ಅಷ್ಟು ದೂರ ಹಾಗೇ ಓಡಿ ಬಂದಿದ್ದೆ. ಅಕ್ಷತಾ ಮೊದಲು ನಕ್ಕಳು, ಆಮೇಲೆ ಅವರು. ನಾನು ಅತ್ತೆ.

ಬದುವಿನ ಮೇಲೆ ಕೂರಿಸಿ ತಮ್ಮ ಬಾಟಲಿಯ ನೀರು ಕೊಟ್ಟರು. ಏನೋ ಮಾತು ತೆಗೆಯಬೇಕೆಂದು, ನಿಮ್ಮೂರು ಎಷ್ಟು ಬದಲಾಗಿದೆಯಲ್ಲ ಅಂದೆ. ಕೈಯಿಂದ ಸುತ್ತ ಗೋಡೆ ತೋರಿಸಿದರು. “ನಾವು ಎಲ್ಲಿಗೂ ಓಗ್ನಿಲ್ಲ ಕಣಮ್ಮಿ. ಉಟ್ಟಿದ ಜಾಗದಾಗೇ ಇವ್ನಿ. ಆದ್ರೂ ಬೀದಿಗ್ ಬಂದ್ರೆ ನನ್ ಎಸ್ರು ಇಡ್ಕಂಡು ಕರ್ಯೋರು ಒಬ್ರಿಲ್ಲ. ಈ ಮಗ ಗೇಟಿಂದ ಅಜ್ಜೀ ಅಂದಾಗ, ಯಾರ್ನೋ ಕರೀತೈತೆ ಅಂತ ಇಂದೆ ತಿರುಗಿ ನೋಡ್ದೆ.”

ಉಳಿದ ಬೀಜವನ್ನು ಮೂವರೂ ಚೆಲ್ಲಿದೆವು. ಚೆಲ್ಲಿದರೇ ಬೆಳೆ ಎಂಬ ಅವರ ಮಾತು ಬೀಜಕ್ಕೆ ಸರಿ. ನಾವು ನಾಲ್ವರು ಅಕ್ಕತಂಗಿಯರು. ಒಬ್ಬಳು ಸೊಲ್ಲಾಪುರ, ಒಬ್ಬಳು ಹುಬ್ಬಳ್ಳಿ, ಒಬ್ಬಳು ಬಾಗಲಕೋಟೆಯ ಸೆಕ್ಟರಿನಲ್ಲಿ, ನಾನು ಇಲ್ಲಿ. ನಮಗೂ ಅದು ಸರಿಯೋ ಇಲ್ಲವೋ, ನನಗೆ ಇನ್ನೂ ಹೇಳಲು ಬರುವುದಿಲ್ಲ.

ಹಿಂದಿರುಗುವಾಗ ಮಿಸ್ಸು ಗೇಟಿನಲ್ಲೇ ಕಾಯುತ್ತಿದ್ದರು. ಊಟ ಮಾಡಿರಲಿಲ್ಲ. “ಸಾರಿ ಮೇಡಂ, ಇನ್ಮೇಲೆ ಮೆಸೇಜು ಕನ್ನಡದಲ್ಲೂ ಹಾಕ್ತೀನಿ” ಅಂದರು. ಆಮೇಲೆ ತಡೆದು, “ಡಿಸ್ಪರ್ಸಲ್‌ಗೆ ಕನ್ನಡದಲ್ಲಿ ಏನಂತಾರೆ?” ಎಂದು ನನ್ನನ್ನೇ ಕೇಳಿದರು.

“ಸಾಲಿ ಬಿಡೋದು ಅಂತಾರ್ರೀ.”

“ಅಷ್ಟೇನಾ?”

“ಅಷ್ಟ.”

ಮಗುವನ್ನು ಯಾರ್ಯಾರು ಕರೆದೊಯ್ಯಬಹುದು ಬರೆದು ಕೊಡಿ ಎಂದು ಒಂದು ಫಾರ್ಮು ಕೈಗಿತ್ತರು.

ಮನೆಗೆ ಬಂದು ಆ ಶಬ್ದವನ್ನು ಫೋನಿನಲ್ಲಿ ಹಾಕಿ ಅರ್ಥ ಹುಡುಕಿದೆ. ‘ಚದುರುವಿಕೆ’ ಎಂದು ತೋರಿಸಿತು. ಕೆಳಗೆ ಉದಾಹರಣೆ: ಗುಂಪನ್ನು ಚದುರಿಸುವುದು, ಮೋಡ ಚದುರುವುದು, ಬೀಜ ಪಸರಿಸುವುದು. ಮಕ್ಕಳು ಮನೆಗೆ ಹೋಗುವುದು ಎಂದು ಎಲ್ಲೂ ಇರಲಿಲ್ಲ. ಸೊಲ್ಲಾಪುರದ ಅಕ್ಕನಿಗೆ ನಿಮ್ಮಲ್ಲಿ ಏನಂತಾರ ಎಂದು ಕೇಳಿದೆ. “ಮರಾಠ್ಯಾಗ ಶಾಳಾ ಸುಟಲಿ ಅಂತಾರ. ಯಾಕ, ಏನಾತು, ದನಿ ಹಿಂಗ್ಯಾಕ ಐತಿ?” ಅಂದಳು. ಸುಟಲಿ ಅಂದರೆ ಬಿಡುಗಡೆಯಾಯಿತು. ರಜೆಗೆ ನಾವನ್ನುವ ಸೂಟಿ ಅಲ್ಲಿಂದಲೇ ಬಂದದ್ದಿರಬೇಕು. ಅಕ್ಕನಿಗೆ ಏನೂ ಆಗಿಲ್ಲ ಅಂದೆ. ನಂಬಲಿಲ್ಲ. ಅಷ್ಟು ದೂರದಿಂದ ದನಿ ಹಿಡಿದಳಲ್ಲ, ಅದೂ ಒಂದು ದಯೆ ಎಂದು ಎಣಿಸಿಕೊಂಡೆ.

ಫಾರ್ಮು ಬಿಚ್ಚಿದೆ. ಕರೆದೊಯ್ಯುವವರ ಹೆಸರು: ಮುನಿರತ್ನಮ್ಮ. ಪಕ್ಕದ ಚೌಕದಲ್ಲಿ ಸಂಬಂಧ. ಮನೆ ಒಡತಿ ಎಂದು ಬರೆಯಲು ಪೆನ್ನು ಊರಿದೆ. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಅಕ್ಷತಾ, “ಅಜ್ಜಿ ಅಂತ ಬರಿ ಅವ್ವ, ಇಲ್ಲಾಂದ್ರೆ ಬಿಡಲ್ಲ” ಅಂದಳು. ಬರೆದೆ. ಬಾಗಲಕೋಟೆಯ ನಮ್ಮತ್ತೆಗೆ ಇದನ್ನು ಹೇಗೆ ಹೇಳಲಿ ಎಂಬ ಅಳುಕೂ ಆಯಿತು.

ಕಡೆಯ ಸಾಲು, ನೇಟಿವ್ ಪ್ಲೇಸ್. ಅಂದರೆ ಸ್ವಂತ ಊರು, ಈ ಎರಡು ಶಬ್ದ ನನಗೆ ಬರುತ್ತವೆ. ಅಷ್ಟರಲ್ಲಿ ಮನೆಯವರ ಫೋನು ಬಂತು.

“ಹನ್ನೊಂದು ಸಲ ಹಚ್ಚೀಯಲ್ಲ, ಏನಾತು?” ಏದುಸಿರು ಬಿಡುತ್ತಿದ್ದರು, ಈಗಷ್ಟೇ ಮೇಲೆ ಹತ್ತಿ ಬಂದಿರಬೇಕು.

“ಏನಿಲ್ರೀ. ಸಂಜಿಗೆ ಹೇಳ್ತೀನಿ. ಊಟ ಆತೇನ್ರೀ?”

“ಆತು. ಏನ ಮಾಡಾಕತ್ತಿ?”

“ಸಾಲಿ ಫಾರ್ಮು ತುಂಬಾಕತ್ತೇನಿ. ಊರು ಯಾವುದು ಅಂತ ಕೇಳ್ಯಾರ.”

“ಬಾಗಲಕೋಟಿ ಅಂತ ಬರಿ.”

“ಯಾವ ಬಾಗಲಕೋಟಿ?”

ಅವರೂ ಮುಳುಗಿದ ಓಣಿಯವರೇ. ಆ ಕಡೆ ಲಿಫ್ಟಿನ ಬಾಗಿಲು ತೆರೆದು, ಮುಚ್ಚಿ, ಗಂಟೆ ಹೊಡೆಯಿತು.

“ಖಾಲಿ ಬಿಡು” ಅಂದರು. “ನಾ ಬಂದಮ್ಯಾಲ ನೋಡೋಣು.”

ಫಾರ್ಮನ್ನು ಮಡಚಿ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಇಟ್ಟೆ. ಅಕ್ಷತಾ ತಾಟು ಹಿಡಿದು ಕೂತಿದ್ದಳು, “ಅವ್ವ, ಹಸಿವು.” ಮುಚ್ಚಿಟ್ಟಿದ್ದ ಹಿಟ್ಟು ತೆಗೆದರೆ ಒಣಗಿ ಬಿರುಕು ಬಿಟ್ಟಿತ್ತು. ಮುಟ್ಟಿದರೆ ಪುಡಿಪುಡಿ ಉದುರುತ್ತಿತ್ತು. ಜೋಳದ ಹಿಟ್ಟಿಗೆ ತನ್ನದೇ ಅಂಟು ಇಲ್ಲ, ಕುದಿವ ನೀರು ಬೇಕು. ಎಸರಿಗೆ ಇಟ್ಟೆ. ಅಕ್ಷತಾಳದು ಎರಡು, ಕೆಳಗಿನ ಮನೆಗೆ ಒಂದು, ಒಟ್ಟು ಮೂರಕ್ಕೆ ಇನ್ನಷ್ಟು ಹಿಟ್ಟು ಹಾಕಿಕೊಂಡು, ಕುದಿವ ನೀರು ಸುರಿದು, ಅಂಗೈ ಸುಡುತ್ತಿದ್ದರೂ ಒತ್ತಿ ಒತ್ತಿ ನಾದತೊಡಗಿದೆ.